ಆಯ್ದ ಹಾಡು, ಬಿಟ್ಟ ಹಾಡು

ಹಳೆಯ ಹಾಡುಗಳನ್ನು ಒಟ್ಟುಮಾಡಿ, ಹೊಸ ಹೊದಿಕೆ ಹಾಕಿ, ‘ಹಿಟ್ಸ್’ ಎಂದು ಹೆಸರಿಟ್ಟು ಮಾರುವ ಸಂಗ್ರಹಗಳ ಬಗ್ಗೆ ಸಂಗೀತ ಬಲ್ಲವರಿಗೆ ಅಷ್ಟಾಗಿ ಗೌರವವಿಲ್ಲ. ಅವು ವ್ಯಾಪಾರಕ್ಕೆ ಹುಟ್ಟಿದವು, ಅವುಗಳಲ್ಲಿ ಹೊಸದೇನೂ ಇಲ್ಲ, ನಿಜವಾದ ಕೇಳುಗರು ಮೂಲ ಆಲ್ಬಮ್‌ಗಳನ್ನೇ ಹುಡುಕಿಕೊಂಡು ಹೋಗುತ್ತಾರೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಶಾಸನವೊಂದನ್ನು ಓದುವಾಗ ಅದರಲ್ಲಿರುವ ಸಂಗತಿಯ ಜತೆಗೆ ಅದನ್ನು ಯಾರು ಹಾಕಿಸಿದರು, ಯಾವಾಗ ಹಾಕಿಸಿದರು, ಯಾರ ಹೆಸರನ್ನು ಬಿಟ್ಟರು ಎಂದು ಕೇಳುವುದು ನಮ್ಮ ಕಸುಬು. ಹಿಟ್ ಹಾಡುಗಳ ಸಂಗ್ರಹಕ್ಕೂ ಇವೇ ಪ್ರಶ್ನೆಗಳನ್ನು ಹಾಕಿದರೆ ಅದು ಬಹಳಷ್ಟು ಹೇಳುತ್ತದೆ. ಹಾಡುಗಳು ಹುಟ್ಟಿದ ಕಾಲಕ್ಕಿಂತ, ಅವನ್ನು ಆಯ್ದ ಕಾಲದ ಬಗ್ಗೆ ಹೆಚ್ಚು ಹೇಳುತ್ತದೆ.

ಇದಕ್ಕೆ ಕರ್ನಾಟಕದ ನೆಲಕ್ಕೆ ತಾಗಿದ ಉದಾಹರಣೆಯೊಂದಿದೆ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಹಾಡಿತು. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ರಾಕ್ ತಂಡ ಭಾರತದಲ್ಲಿ ಕಾರ್ಯಕ್ರಮ ಕೊಟ್ಟದ್ದು ಅದೇ ಮೊದಲು. ಮೂರು ದಿನ ಬಿಟ್ಟು ಮುಂಬೈಯಲ್ಲಿ ಎರಡನೆಯದು ನಡೆಯಿತು. ಆ ವಿಶ್ವಪ್ರವಾಸಕ್ಕೆ ‘ಲಿಕ್ಸ್’ ಎಂಬ ಹೆಸರು ಬಂದದ್ದು 2002ರ ಶರತ್ಕಾಲದಲ್ಲಿ ಹೊರಬಂದ ‘ಫಾರ್ಟಿ ಲಿಕ್ಸ್’ ಎಂಬ ಸಂಗ್ರಹದಿಂದ. ತಂಡಕ್ಕೆ ನಲವತ್ತು ವರ್ಷ ತುಂಬಿದ ಲೆಕ್ಕಕ್ಕೆ ಎರಡು ಸಿಡಿಗಳಲ್ಲಿ ನಲವತ್ತು ಹಾಡು. ಅಂದರೆ ಬೆಂಗಳೂರಿಗೆ ಬಂದದ್ದು ಬರೀ ತಂಡವಲ್ಲ, ಒಂದು ಸಂಗ್ರಹದ ಮೆರವಣಿಗೆಯೂ ಹೌದು. ಅಲ್ಲಿಂದ 500 ಕಿಲೋಮೀಟರಿಗೂ ಹೆಚ್ಚು ದೂರದ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನಲ್ಲಿ ನಾನಾಗ ಇನ್ನೂ ಸಣ್ಣ ಇಯತ್ತೆಯಲ್ಲಿದ್ದೆ. ಆ ತಂಡದ ಹಾಡು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ, ಕಾಲೇಜಿನ ಗೆಳೆಯನೊಬ್ಬ ಮೆಮರಿ ಕಾರ್ಡಿಗೆ ತುಂಬಿಸಿಕೊಟ್ಟಾಗ. ಅವನಿಗೆ ಗೊತ್ತಿದ್ದದ್ದೂ ಆ ಸಂಗ್ರಹವೇ.

ಇಂಥ ಸಂಗ್ರಹಗಳು ಹುಟ್ಟಿದ್ದು ತಟ್ಟೆಯ ಅಳತೆಯಿಂದ. 78 ವೇಗದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ತಟ್ಟೆ ತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ ಸಿಕ್ಕಿತು. ಮರುವರ್ಷ ಪ್ರತಿಸ್ಪರ್ಧಿ ಆರ್‌ಸಿಎ ವಿಕ್ಟರ್ ಕಂಪನಿ 45 ವೇಗದ ಸಣ್ಣ ತಟ್ಟೆ ತಂದಿತು. ಬಿಡಿ ಹಾಡುಗಳು ಸಣ್ಣ ತಟ್ಟೆಯಲ್ಲಿ ಮಾರಾಟವಾಗತೊಡಗಿದವು. ಹಾಗೆ ಬಿಡಿಬಿಡಿಯಾಗಿ ಗೆದ್ದವನ್ನು ದೊಡ್ಡ ತಟ್ಟೆಯಲ್ಲಿ ಒಟ್ಟಿಗೆ ಕೂರಿಸಿದರೆ ಇನ್ನೊಮ್ಮೆ ಮಾರಬಹುದಲ್ಲ? 1958ರಲ್ಲಿ ಕೊಲಂಬಿಯಾ ಗಾಯಕ ಜಾನಿ ಮ್ಯಾಥಿಸ್‌ನ ಹಿಟ್ ಹಾಡುಗಳನ್ನು ಹೀಗೆ ಕೂಡಿಸಿತು. ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಕಲಾವಿದ ಹೊಸ ಹಾಡು ಕೊಡದ ವರ್ಷವೂ ಗಲ್ಲಾಪೆಟ್ಟಿಗೆ ತುಂಬುವ ದಾರಿ ಕಂಪನಿಗಳಿಗೆ ಸಿಕ್ಕಿತು.

ಈ ಸಂಗ್ರಹಗಳು ಹೆಸರಿಗೆ ತಕ್ಕಂತೆ ಹಿಟ್ ಹಾಡುಗಳನ್ನಷ್ಟೇ ಕೂಡಿಸುತ್ತವೆ ಎಂದುಕೊಳ್ಳಬೇಕಿಲ್ಲ. ಈಗಲ್ಸ್ ಎಂಬ ಅಮೆರಿಕದ ತಂಡದ 1971ರಿಂದ 1975ರವರೆಗಿನ ಹಾಡುಗಳ ಸಂಗ್ರಹ 1976ರ ಫೆಬ್ರುವರಿಯಲ್ಲಿ ಬಂತು. ಅದೇ ವರ್ಷ ಹೊಸದಾಗಿ ಶುರುವಾದ ‘ಪ್ಲಾಟಿನಂ’ ಮನ್ನಣೆಯನ್ನು ಪಡೆದ ಮೊದಲ ಆಲ್ಬಮ್ ಅದು. ಅದರಲ್ಲಿರುವುದು ಹತ್ತೇ ಹಾಡು. ಆ ಹತ್ತರಲ್ಲಿ ‘ಡೆಸ್ಪರಾಡೊ’ ಎಂಬುದು ಸಣ್ಣ ತಟ್ಟೆಯಾಗಿ ಹೊರಬಂದೇ ಇರಲಿಲ್ಲ. ಎಂದೂ ಹಿಟ್ ಪಟ್ಟಿ ಹತ್ತದ ಹಾಡು ಹಿಟ್‌ಗಳ ಸಾಲಿನಲ್ಲಿ ಕುಳಿತು, ಮುಂದೆ ಅದೇ ತಂಡದ ಹೆಸರುವಾಸಿ ಹಾಡುಗಳಲ್ಲಿ ಒಂದಾಯಿತು. ಇನ್ನೊಂದು ಕಡೆ, ಆ ತಂಡದ ಹೆಸರು ಹೇಳಿದೊಡನೆ ಎಲ್ಲರಿಗೂ ನೆನಪಾಗುವ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಅದರಲ್ಲಿಲ್ಲ. ಆ ಆಲ್ಬಮ್ ಬಂದದ್ದು 1976ರ ಡಿಸೆಂಬರಿನಲ್ಲಿ, ಸಂಗ್ರಹವಾಗಿ ಹತ್ತು ತಿಂಗಳಾದ ಮೇಲೆ. ಆದರೂ 2018ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಹಾಕಿದ ಲೆಕ್ಕದಲ್ಲಿ ಈ ಸಂಗ್ರಹ 38 ಸಲ ಪ್ಲಾಟಿನಂ ಆಗಿ, ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ಅನ್ನು ಹಿಂದೆ ಹಾಕಿತು. ತಂಡದ ಚರಿತ್ರೆಯನ್ನು ಈ ತಟ್ಟೆಯಿಂದಷ್ಟೇ ಬರೆಯಹೊರಟವನಿಗೆ ಅದರ ಅತಿ ಪ್ರಸಿದ್ಧ ಹಾಡೇ ಕಾಣುವುದಿಲ್ಲ. ತಟ್ಟೆಯ ಮೇಲಿನ ಇಸವಿ ನೋಡಿದವನಿಗೆ ಮಾತ್ರ ಕಾರಣ ತಿಳಿಯುತ್ತದೆ.

ರೋಲಿಂಗ್ ಸ್ಟೋನ್ಸ್ ಕತೆಯಲ್ಲಿ ಇಸವಿಯ ಜತೆ ಒಡೆತನದ ಪ್ರಶ್ನೆಯೂ ಇದೆ. 1965ರಲ್ಲಿ ಅಲನ್ ಕ್ಲೈನ್ ಎಂಬ ಅಮೆರಿಕದ ವ್ಯವಹಾರಸ್ಥ ತಂಡದ ಹಣಕಾಸು ಮತ್ತು ಕರಾರುಗಳ ಹೊಣೆ ಹೊತ್ತ. 1970ರ ಹೊತ್ತಿಗೆ ತಂಡ ಅವನಿಂದಲೂ ಡೆಕ್ಕಾ ಎಂಬ ತನ್ನ ಹಳೆಯ ಧ್ವನಿಮುದ್ರಣ ಕಂಪನಿಯಿಂದಲೂ ಬಿಡಿಸಿಕೊಂಡಿತು. ಸ್ವಂತ ಲೇಬಲ್ ಕಟ್ಟಿ 1971ರಲ್ಲಿ ‘ಸ್ಟಿಕಿ ಫಿಂಗರ್ಸ್’ ಆಲ್ಬಮ್ ತಂದಿತು. ಆದರೆ 1960ರ ದಶಕದಲ್ಲಿ ತಾನೇ ಬರೆದು ಹಾಡಿದ ಹಾಡುಗಳ ಹಕ್ಕು ಕ್ಲೈನ್‌ನ ಆಬ್‌ಕೋ ಕಂಪನಿಯ ಕೈಯಲ್ಲಿ ಉಳಿಯಿತು. ಅದೇ 1971ರ ಡಿಸೆಂಬರಿನಲ್ಲಿ ಆ ಹಳೆಯ ಹಾಡುಗಳನ್ನು ಕೂಡಿಸಿದ ‘ಹಾಟ್ ರಾಕ್ಸ್’ ಎಂಬ ಜೋಡಿ ತಟ್ಟೆ ಹೊರಬಂತು. ತಂಡ ಮನೆ ಬಿಟ್ಟು ಹೊರಟಿತ್ತು, ಮನೆಯ ಭಾಂಡೆ ಸಾಮಾನು ಒಳಗೇ ಇತ್ತು. ‘ಹಾಟ್ ರಾಕ್ಸ್’ ಆ ತಂಡದ ಅತಿ ಹೆಚ್ಚು ಮಾರಾಟವಾದ ತಟ್ಟೆಗಳಲ್ಲಿ ಒಂದಾಯಿತು.

ಅಲ್ಲಿಂದ ಮೂವತ್ತು ವರ್ಷ ಈ ತಂಡದ ಚರಿತ್ರೆ ಎರಡು ಪಾಲಾಗಿಯೇ ಮಾರಾಟವಾಯಿತು. 1971ರ ಹಿಂದಿನದಕ್ಕೆ ಒಂದು ಸಂಗ್ರಹ, ಮುಂದಿನದಕ್ಕೆ ಇನ್ನೊಂದು. 1993ರಲ್ಲಿ ಬಂದ ‘ಜಂಪ್ ಬ್ಯಾಕ್’ ಶುರುವಾಗುವುದೇ 1971ರಿಂದ. ಎರಡು ಅರ್ಧಗಳೂ ಒಂದೇ ಪೆಟ್ಟಿಗೆಯಲ್ಲಿ ಕೂತದ್ದು 2002ರ ‘ಫಾರ್ಟಿ ಲಿಕ್ಸ್’ನಲ್ಲಿ. ಹಕ್ಕುದಾರರು ಒಪ್ಪಂದಕ್ಕೆ ಬಂದದ್ದರಿಂದ ಅದು ಸಾಧ್ಯವಾಯಿತು. ಹಾಗಾಗಿ ಈ ಸಂಗ್ರಹವನ್ನು ಪಾಲುಪತ್ರದ ಹಾಗೆಯೂ ಓದಬಹುದು. ಮೊದಲ ಸಿಡಿಯಲ್ಲಿ ಬಹುಪಾಲು 1960ರ ದಶಕದ ಹಾಡು, ಎರಡನೆಯದರಲ್ಲಿ ಆಮೇಲಿನವು, ಕೊಂಡವರಿಗೆ ಹೊಸದೇನಾದರೂ ಸಿಗಲಿ ಎಂದು ನಾಲ್ಕು ಹೊಸ ಹಾಡು. ಒಂದೊಂದು ಸಿಡಿಯ ಒಳಗೆ ಹಾಡುಗಳು ಕಾಲಾನುಕ್ರಮದಲ್ಲಿಲ್ಲ. ಮೊದಲನೆಯದು 1968ರ ಹಾಡು, ಎರಡನೆಯದು 1969ರದ್ದು, ಮೂರನೆಯದು 1965ರದ್ದು. ಕೇಳುಗನ ಹುರುಪು ಇಳಿಯದಂತೆ ಜೋಡಿಸಿದ ಸಾಲದು.

ನನ್ನ ಕುತೂಹಲ ಇರುವುದು ಅದರಲ್ಲಿ ಇಲ್ಲದ ಹಾಡುಗಳ ಮೇಲೆ. 1963ರಲ್ಲಿ ಬಂದ ತಂಡದ ಮೊಟ್ಟಮೊದಲ ತಟ್ಟೆ ‘ಕಮ್ ಆನ್’ ಅದರಲ್ಲಿಲ್ಲ. ಅದು ಚಕ್ ಬೆರಿ ಎಂಬ ಕಪ್ಪು ಅಮೆರಿಕನ್ ಹಾಡುಗಾರನ ರಚನೆ. 1964ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ‘ಲಿಟಲ್ ರೆಡ್ ರೂಸ್ಟರ್’ ಕೂಡ ಇಲ್ಲ. ಅದನ್ನು ಬರೆದವನು ವಿಲಿ ಡಿಕ್ಸನ್, ಮೊದಲು ಹಾಡಿದವನು ಹೌಲಿನ್ ವುಲ್ಫ್. ಇಬ್ಬರೂ ಷಿಕಾಗೋದ ಬ್ಲೂಸ್ ಪರಂಪರೆಯ ಕಪ್ಪು ಕಲಾವಿದರು. ದೇಶದ ಪಟ್ಟಿಯಲ್ಲೇ ಮೊದಲಾದ ಹಾಡು ‘ಹಿಟ್’ಗಳ ನಲವತ್ತರಲ್ಲಿ ಜಾಗ ಪಡೆಯಲಿಲ್ಲ. ಈ ತಂಡದ ಹೆಸರು ಕೂಡ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್‌ನ ಹಾಡೊಂದರಿಂದ ಪಡೆದದ್ದು. ಹುಡುಗರು ಶುರುವಿನಲ್ಲಿ ಹಾಡುತ್ತಿದ್ದದ್ದೆಲ್ಲ ಈ ಗುರುಗಳ ಪದಗಳನ್ನೇ. ನಲವತ್ತು ವರ್ಷಗಳ ಮೇಲೆ ಲೆಕ್ಕ ತೆಗೆಯುವಾಗ ಬಹುತೇಕ ಸ್ವಂತ ಹಾಡುಗಳೇ ಉಳಿದವು, ಗುರುಗಳ ಸಾಲ ಪುಟದಿಂದ ಜಾರಿತು. ಯಾರೋ ಕೆಟ್ಟ ಮನಸ್ಸಿನಿಂದ ಹೀಗೆ ಮಾಡಿದರೆಂದು ಹೇಳಬೇಕಿಲ್ಲ. 2002ರಲ್ಲಿ ಲೋಕದಾದ್ಯಂತ ಮಾರುವ ಪೆಟ್ಟಿಗೆಗೆ ಯಾವುದು ಬೇಕೋ ಅದನ್ನು ಆರಿಸಿದರು. ಆರಿಸುವ ಕೆಲಸ ನಡೆಯುವುದೇ ಹಾಗೆ.

ಕತ್ತರಿ ಹಿಡಿಯುವವರು ವ್ಯಾಪಾರಿಗಳು ಮಾತ್ರ ಎಂದೂ ಅಲ್ಲ. ಇದೇ ಸಂಗ್ರಹ ಚೀನಾದಲ್ಲಿ ಬಿಡುಗಡೆಯಾಗುವಾಗ ಅಲ್ಲಿನ ಅಧಿಕಾರಿಗಳು ನಾಲ್ಕು ಹಾಡುಗಳನ್ನು ತೆಗೆಸಿದರು. ಕ್ವೀನ್ ತಂಡದ 1981ರ ಸಂಗ್ರಹವನ್ನೇ ನೋಡಿ. ಬ್ರಿಟನ್ನಿನಲ್ಲಿ 70 ಲಕ್ಷ ಪ್ರತಿಗಳ ಗಡಿ ದಾಟಿದ ಮೊದಲ ಆಲ್ಬಮ್ ಅದು. ಆದರೆ ಅದರ ಹಾಡುಗಳ ಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ಒಂದೇ ಹೆಸರಿನ ಹೊದಿಕೆಯ ಕೆಳಗೆ ಒಂದೊಂದು ಊರಿಗೆ ಒಂದೊಂದು ಕ್ವೀನ್. ಬಾಬ್ ಮಾರ್ಲಿ ತೀರಿಕೊಂಡು ಮೂರು ವರ್ಷಕ್ಕೆ, 1984ರಲ್ಲಿ ಬಂದ ‘ಲೆಜೆಂಡ್’ ಸಂಗ್ರಹದಲ್ಲಿ ಅವನ ಬಂಡಾಯದ ದನಿಯ ಹಾಡುಗಳನ್ನು ಹಿಂದೆ ಸರಿಸಿ, ಪ್ರೀತಿ ಮತ್ತು ಸಮಾಧಾನದ ಹಾಡುಗಳನ್ನು ಮುಂದೆ ತಂದರು. ಜಮೈಕಾದ ಆ ಸಿಟ್ಟಿನ ಕವಿ ಜಗತ್ತಿನ ಬಹುಪಾಲು ಮನೆಗಳನ್ನು ನಗುಮುಖದ ಅತಿಥಿಯಾಗಿ ಹೊಕ್ಕ.

ಇಷ್ಟೆಲ್ಲ ದೂರದ ಊರುಗಳ ಕತೆಯಾಯಿತು. ಹಾಡನ್ನು ಆರಿಸುವುದು, ಗೆದ್ದದ್ದನ್ನು ಮತ್ತೆ ಮತ್ತೆ ಹಾಡಿಸುವುದು ನಮ್ಮ ಕಡೆಯೂ ಹೊಸದಲ್ಲ. ಬೆಳಗಾವಿ ಸೀಮೆಯ ಕಂಪನಿ ನಾಟಕಗಳಲ್ಲಿ ‘ವನ್ಸ್ ಮೋರ್’ ಎಂಬ ಕೂಗಿತ್ತು. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದಂಥ ಕಂಪನಿಗಳು ದಶಕಗಳ ಕಾಲ ಊರೂರು ತಿರುಗಿದವು. ಅವುಗಳ ಡೇರೆಯಲ್ಲಿ ಯಾವ ಪದ ಗೆದ್ದಿತು ಎಂಬುದು ಅಲ್ಲಿಯೇ, ಆ ರಾತ್ರಿಯೇ, ಜನರ ಗಂಟಲಿನಿಂದ ತೀರ್ಮಾನವಾಗುತ್ತಿತ್ತು. ಕತೆ ಅಲ್ಲಿಗೇ ನಿಲ್ಲಬೇಕು, ಪಾತ್ರಧಾರಿ ಪದವನ್ನು ಇನ್ನೊಮ್ಮೆ ಎತ್ತಬೇಕು. ನಾಳೆ ಇನ್ನೊಂದು ಊರು, ಅಲ್ಲಿ ಬೇರೆ ಪದಕ್ಕೆ ಕೂಗು ಬೀಳಬಹುದು. ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತದ ಆಟಗಳಲ್ಲೂ ಹೀಗೆಯೇ. ಆ ಆಟವನ್ನು ತಿದ್ದಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಕಬ್ಬೂರಿನಿಂದ ಬಹಳ ದೂರವೇನಲ್ಲ. ಬೆಳತನಕ ನಡೆಯುವ ಆಟದಲ್ಲಿ ಜನ ಯಾವ ಪದಕ್ಕೆ ಎಚ್ಚರಗೊಂಡು ಕೂಡುತ್ತಾರೋ ಅದಕ್ಕೆ ಮೇಳ ಹೆಚ್ಚು ಹೊತ್ತು ಕೊಡುತ್ತದೆ. ಈ ಆಯ್ಕೆಯಲ್ಲಿ ಒಂದು ಗುಣವಿತ್ತು: ಅದು ಯಾವುದನ್ನೂ ಶಾಶ್ವತವಾಗಿ ಹೊರಗೆ ಹಾಕುತ್ತಿರಲಿಲ್ಲ. ಇಂದು ಕೂಗು ಬೀಳದ ಪದವನ್ನೂ ನಾಳೆ ಹಾಡಲೇಬೇಕಾಗಿತ್ತು, ಯಾಕೆಂದರೆ ಕತೆಗೆ ಅದು ಬೇಕಿತ್ತು.

ಆಯ್ಕೆಯನ್ನು ಗಟ್ಟಿ ಮಾಡಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಈ ಸಾಧನ 1980ರ ದಶಕದಲ್ಲಿ ಭಾರತದ ಹಳ್ಳಿಗಳನ್ನು ತುಂಬಿತು. ಕನ್ನಡದಲ್ಲಿ ಭಾವಗೀತೆಗಳ ಮೊದಲ ಕ್ಯಾಸೆಟ್ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕವಿ ಕೆ.ಎಸ್. ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ಆಮೇಲೆ ಬಂದ ಕ್ಯಾಸೆಟ್ಟುಗಳ ಹೊಳೆಯಲ್ಲಿ ಶಿಶುನಾಳ ಶರೀಫರ ತತ್ವಪದಗಳೂ ಬಂದವು. ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಅವು ನಾಡಿನ ಮೂಲೆಮೂಲೆ ಮುಟ್ಟಿದವು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು, ಅದಕ್ಕೂ ಅಶ್ವತ್ಥರದ್ದೇ ಸಂಗೀತ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಸಿಕ್ಕಿತು. ಮೈಸೂರು, ಬೆಂಗಳೂರಿನ ಕಡೆಯವರು ಉತ್ತರ ಕರ್ನಾಟಕದ ಮಾತಿನ ರುಚಿಯನ್ನು ಶರೀಫರಿಂದ ಕಲಿತದ್ದು ಈ ಕ್ಯಾಸೆಟ್ಟು ಮತ್ತು ಚಿತ್ರಗಳ ಮೂಲಕ. ಇದು ಸಣ್ಣ ಕೆಲಸವಲ್ಲ.

ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಅವರು ಹಾಡಿದ ಪದಗಳು ನೂರಾರು. ನೂರು ವರ್ಷ ಅವನ್ನು ಹೊತ್ತು ತಂದದ್ದು ಊರೂರಿನ ಭಜನಾ ಮೇಳಗಳು. ನನ್ನ ಲೆಕ್ಕದಲ್ಲಿ ನಮ್ಮ ನಾಡಿನ ದೀರ್ಘಾಯುಷಿ ತಂಡಗಳೆಂದರೆ ಇವೇ. ಒಂದು ಪೇಟಿ, ಒಂದು ಏಕತಾರಿ, ದಮ್ಮಡಿ, ತಾಳ, ಅಮಾಸಿಗೊಮ್ಮೆ ಗುಡಿಯ ಕಟ್ಟೆಯ ಮೇಲೆ ರಾತ್ರಿಯಿಡೀ ಹಾಡು. ಹಾಡುವವರು ತಲೆಮಾರಿಗೊಮ್ಮೆ ಬದಲಾಗುತ್ತಾರೆ, ಮೇಳ ಹಾಗೇ ಇರುತ್ತದೆ. ಹೀಗೆ ಉಳಿದುಬಂದ ನೂರಾರು ಪದಗಳಲ್ಲಿ ಇಂದು ಕಾಲೇಜಿನ ಸಭಾಂಗಣದಲ್ಲಿ, ಟಿವಿಯ ಹಾಡಿನ ಸ್ಪರ್ಧೆಯಲ್ಲಿ, ಮೊಬೈಲಿನಲ್ಲಿ ಕೇಳಿಬರುವುದು ಎಷ್ಟು? ಮಾಳಿಗೆ ಸೋರುವ ಹಾಡು, ಕೋಳಿಯ ಒಗಟಿನ ಹಾಡು, ಗುಡುಗುಡಿಯ ಹಾಡು, ತಂಬೂರಿಯ ಹಾಡು, ಮುದುಕಿಗೆ ಎಚ್ಚರ ಹೇಳುವ ಹಾಡು. ಇನ್ನು ಐದಾರು ಸೇರಿಸಬಹುದು. ‘ಫಾರ್ಟಿ ಲಿಕ್ಸ್’ನ ನಲವತ್ತರ ಅರ್ಧವೂ ಆಗಲಿಕ್ಕಿಲ್ಲ.

ಇಲ್ಲಿ ಅಲನ್ ಕ್ಲೈನ್ ಯಾರೂ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಶರೀಫರ ಪದಗಳಿಗೆ ಹಕ್ಕುದಾರರಿಲ್ಲ, ಯಾರು ಬೇಕಾದರೂ ಯಾವುದನ್ನು ಬೇಕಾದರೂ ಹಾಡಬಹುದು. ಬೇಲಿಯೇ ಇಲ್ಲದ ಹೊಲದಲ್ಲಿ ಎಲ್ಲರೂ ಅದೇ ಹನ್ನೆರಡು ಸಾಲುಗಳಲ್ಲಿ ಯಾಕೆ ಓಡಾಡುತ್ತಾರೆ? ನನಗೆ ಕಾಣುವ ಒಂದು ಕಾರಣ ಅಳತೆ. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ, ಅದರಲ್ಲಿ ಐದಾರು ಹಾಡು ಕೂಡಬೇಕು. ಮೇಳದಲ್ಲಿ ಒಂದೇ ಪದವನ್ನು ಸೊಲ್ಲು ಸೊಲ್ಲಿಗೆ ನಿಲ್ಲಿಸಿ, ಅರ್ಥ ಬಿಡಿಸಿ, ಅರ್ಧ ತಾಸು ಹಾಡುವುದುಂಟು. ಅಂಥ ಪದಕ್ಕೆ ಕ್ಯಾಸೆಟ್ಟಿನಲ್ಲಿ ಜಾಗವಿಲ್ಲ. ಇನ್ನೊಂದು ಕಾರಣ ಮಾತು. ತೀರ ಸ್ಥಳೀಯವಾದ ಊರು, ವ್ಯಕ್ತಿ, ಘಟನೆಗಳಿಗೆ ಅಂಟಿಕೊಂಡ ಪದ ಬೆಂಗಳೂರಿನ ಕೇಳುಗನಿಗೆ ತಟ್ಟನೆ ಹಿಡಿಸುವುದಿಲ್ಲ. ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದು. ಶರೀಫರನ್ನು ಎಲ್ಲರಿಗೂ ಸಲ್ಲುವ ಸಂತನನ್ನಾಗಿ ಕಾಣುವ ಆಸೆಯಲ್ಲಿ, ಒಂದು ಆಚರಣೆಗೆ ಸೇರಿದ ಪದಗಳು ಹಿಂದೆ ಸರಿದವು.

ಶರೀಫರು ಮೊಹರಂ ಪದಗಳನ್ನೂ ಬರೆದವರು. ಕರ್ಬಲಾದಲ್ಲಿ ಹುಸೇನರು ಮಡಿದ ದುಃಖದ ಕತೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಮತ್ತು ಅಲಾವಿ ಪದಗಳ ದೊಡ್ಡ ಪರಂಪರೆ ಉತ್ತರ ಕರ್ನಾಟಕದಲ್ಲಿದೆ. ಅವನ್ನು ಕಟ್ಟಿದವರಲ್ಲಿ, ಹಾಡುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ. ನಮ್ಮ ಭಾಗದ ಊರುಗಳಲ್ಲಿ ಡೋಲಿ ಹೊರುವವರು, ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಮುಸ್ಲಿಮರಷ್ಟೇ ಅಲ್ಲ. ಎಷ್ಟೋ ಊರುಗಳಲ್ಲಿ ಅಮಾಸಿ ಭಜನೆಗೆ ಪೇಟಿ ಹಿಡಿಯುವ ಕೈಯೇ ಮೊಹರಂ ಪದಕ್ಕೆ ತಾಳ ಹಾಕುತ್ತದೆ. ಹಾಡುವವರಿಗೆ ಇವೆರಡರ ನಡುವೆ ಗೋಡೆಯಿಲ್ಲ. ಅಂಗಡಿಯ ಗೂಡಿನಲ್ಲಿ ಗೋಡೆ ಎದ್ದಿತು: ಶರೀಫರ ತತ್ವಪದ ಒಂದು ಕಡೆ, ಮೊಹರಂ ಪದ ಇನ್ನೊಂದು ಕಡೆ. ಭಾವೈಕ್ಯದ ಸಂತ ಎಂದು ಹೊಗಳಿಸಿಕೊಂಡ ಕವಿ, ಭಾವೈಕ್ಯ ನಿಜವಾಗಿ ನಡೆಯುವ ಹಬ್ಬಕ್ಕಾಗಿ ಬರೆದ ಪದಗಳು ಅವನ ಜನಪ್ರಿಯ ಸಂಗ್ರಹದಲ್ಲಿ ಕೇಳುವುದು ಅಪರೂಪವಾಯಿತು. ‘ಲಿಟಲ್ ರೆಡ್ ರೂಸ್ಟರ್’ ಬಿಟ್ಟುಹೋದಾಗ ಒಂದು ತಂಡದ ಗುರುಪರಂಪರೆ ಮಸುಕಾಯಿತು. ಇಲ್ಲಿ ಮಸುಕಾಗುವುದು ಒಂದು ಊರು ಕೂಡಿ ಬದುಕಿದ ರೀತಿ. ಆ ಊರಿಗೆ ಅದರ ಸಾಕ್ಷಿ ಬೇಕಾದ ಕಾಲವಿದು.

ಈ ಕತೆ ರಾಕ್ ಸಂಗೀತಕ್ಕೇ ಬಂದು ಮುಟ್ಟುವುದು ವಿಚಿತ್ರವಾದರೂ ನಿಜ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ ತಂದಾಗ ಅದರಲ್ಲಿ ಶರೀಫರ ಗುಡುಗುಡಿಯ ಪದ ಗಿಟಾರು, ಡ್ರಮ್ಮುಗಳ ಜತೆ ಇತ್ತು. ಬ್ರಿಟನ್ನಿನ ಹುಡುಗರು ಷಿಕಾಗೋದ ಹಿರಿಯರ ಪದಗಳನ್ನು ಎತ್ತಿಕೊಂಡ ಹಾಗೆ, ಮೈಸೂರಿನ ಹುಡುಗ ಶಿಶುನಾಳದ ಹಿರಿಯನ ಪದ ಎತ್ತಿಕೊಂಡ. ನನ್ನ ಓರಗೆಯ ಎಷ್ಟೋ ಜನ ಶರೀಫರ ಹತ್ತಿರ ಹೋದದ್ದು ಆ ಬಾಗಿಲಿನಿಂದ. ಆದರೆ ಆ ಬಾಗಿಲು ತೆರೆದುಕೊಂಡದ್ದು ಕ್ಯಾಸೆಟ್ಟು ಆಗಲೇ ಆರಿಸಿಟ್ಟಿದ್ದ ಕೋಣೆಗೆ. ಹೊಸ ತಲೆಮಾರು ಹೊಸ ವಾದ್ಯ ತರುತ್ತದೆ, ಹಾಡಿನ ಪಟ್ಟಿ ಮಾತ್ರ ಹಳೆಯ ಸಂಗ್ರಹದ್ದೇ ಇರುತ್ತದೆ.

ಹಾಗೆಂದು ಸಂಗ್ರಹಗಳನ್ನು ತಳ್ಳಿಹಾಕಬೇಕೆ? ಕನ್ನಡದ ಅನುಭವ ಹಾಗೆ ಹೇಳುವುದಿಲ್ಲ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯಲ್ಲಿ. ಹೆಸರೇ ಹೇಳುವಂತೆ ಅದು ‘ಸಾರ’, ಅಂದರೆ ಆಯ್ಕೆ. ಮನೆ ಮಠಗಳ ತಾಳೆಗರಿಗಳಲ್ಲಿ ಚದುರಿದ್ದ ವಚನಗಳಿಂದ ವಿಷಯವಾರು ಆರಿಸಿ ಜೋಡಿಸಿದ ಪುಸ್ತಕ. 1920ರ ದಶಕದ ಓದುಗನಿಗೆ ಏನು ಬೇಕಿತ್ತು ಎಂಬುದು ಆ ಆಯ್ಕೆಯಲ್ಲೂ ಕಾಣುತ್ತದೆ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಓದಿದವರು ಉಳಿದವು ಎಲ್ಲಿ ಎಂದು ಕೇಳಿದರು. ಹಸ್ತಪ್ರತಿಗಳ ಹುಡುಕಾಟ ತಲೆಮಾರುಗಳವರೆಗೆ ನಡೆಯಿತು. 1993ರಲ್ಲಿ ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ತಂದಿತು. ‘ಸಾರ’ದಿಂದ ‘ಸಮಗ್ರ’ಕ್ಕೆ ಎಪ್ಪತ್ತು ವರ್ಷ. ಸಾರ ಇಲ್ಲದಿದ್ದರೆ ಸಮಗ್ರದ ಹಸಿವೇ ಹುಟ್ಟುತ್ತಿರಲಿಲ್ಲ.

ಬೀಟಲ್ಸ್ ತಂಡದ ಸಂಗ್ರಹಗಳಲ್ಲೂ ಇಂಥ ಮರಳಿ ನೋಡುವಿಕೆ ನಡೆದಿದೆ. ತಂಡ ಒಡೆದು ಮೂರು ವರ್ಷವಾದ ಮೇಲೆ, 1973ರಲ್ಲಿ, ಕೆಂಪು ಮತ್ತು ನೀಲಿ ಹೊದಿಕೆಯ ಎರಡು ಸಂಗ್ರಹ ಬಂದವು. ಕಳ್ಳ ಪ್ರತಿಗಳ ಮಾರಾಟಕ್ಕೆ ಎದುರಾಗಿ ಅವಸರದಲ್ಲಿ ತಂದವು. ಆಗಲೂ ವ್ಯವಹಾರ ನೋಡುತ್ತಿದ್ದವನು ಅದೇ ಅಲನ್ ಕ್ಲೈನ್. ಕೆಂಪು ಸಂಗ್ರಹದಲ್ಲಿ ಜಾರ್ಜ್ ಹ್ಯಾರಿಸನ್ ಬರೆದ ಒಂದು ಹಾಡೂ ಇರಲಿಲ್ಲ, ಬೇರೆಯವರ ರಚನೆಗಳೂ ಇರಲಿಲ್ಲ. ಐವತ್ತು ವರ್ಷ ಕಳೆದು 2023ರಲ್ಲಿ ಹೊಸ ಆವೃತ್ತಿ ಬಂದಾಗ ಇವೆರಡೂ ಸೇರಿದವು. 1973ರ ಪಟ್ಟಿಯನ್ನೂ 2023ರ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿದರೆ, ಐವತ್ತು ವರ್ಷಗಳಲ್ಲಿ ಕೇಳುಗರ ನ್ಯಾಯಪ್ರಜ್ಞೆ ಎಷ್ಟು ಸರಿದಿದೆ ಎಂಬ ಅಂದಾಜು ಸಿಗುತ್ತದೆ.

ಈಗಿನ ಕಷ್ಟ ಬೇರೆ. ಮೊಬೈಲಿನ ಹಾಡಿನ ಆ್ಯಪುಗಳಲ್ಲಿ ಪ್ರತಿ ಕಲಾವಿದನಿಗೂ ಹಿಟ್‌ಗಳ ಪಟ್ಟಿಯಿದೆ. ಜನ ಹೆಚ್ಚು ಒತ್ತಿದ ಹಾಡು ಮೇಲೆ ಬರುತ್ತದೆ, ಮೇಲೆ ಬಂದದ್ದನ್ನು ಜನ ಇನ್ನೂ ಹೆಚ್ಚು ಒತ್ತುತ್ತಾರೆ. ಪಟ್ಟಿ ಬದಲಾಗುತ್ತಲೇ ಇರುತ್ತದೆ, ಹಳೆಯ ಪಟ್ಟಿಯ ಗುರುತು ಉಳಿಯುವುದಿಲ್ಲ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಇಸವಿ, ಕಂಪನಿ, ಹಾಡಿದವರು, ವಾದ್ಯ ನುಡಿಸಿದವರು ಎಲ್ಲ ಇರುತ್ತಿತ್ತು. ಮುಂದಿನ ಸಂಶೋಧಕನಿಗೆ 2020ರ ದಶಕದ ಆಯ್ಕೆಯನ್ನು ಪ್ರಶ್ನಿಸಲು ಅಂಥ ಚೀಟಿಯೂ ಸಿಗಲಿಕ್ಕಿಲ್ಲ.

ಆದ್ದರಿಂದ ಹಾಡು, ಚರಿತ್ರೆ ಎರಡರ ಮೇಲೂ ಪ್ರೀತಿಯಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಅಟ್ಟದ ಮೇಲಿನ ಕ್ಯಾಸೆಟ್ಟಿನ ಡಬ್ಬಿಯನ್ನು ಭಂಗಾರದವನಿಗೆ ಕೊಡುವ ಮೊದಲು ಹೊದಿಕೆಗಳ ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಿ. ನಿಮ್ಮ ಊರಿನ ಮೇಳದ ಹಿರಿಯರ ಹತ್ತಿರ ಹೋದಾಗ ಎಲ್ಲರಿಗೂ ಗೊತ್ತಿರುವ ಪದ ಹಾಡಿಸಬೇಡಿ, ಈಚೆಗೆ ಯಾರೂ ಕೇಳದ ಪದ ಯಾವುದು ಎಂದು ಕೇಳಿ. ತತ್ವಪದಗಳ ಸಮಗ್ರ ಸಂಪುಟಗಳನ್ನು ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಅಚ್ಚು ಹಾಕಿಸಿದೆ, ಅಕ್ಷರದ ಮಟ್ಟಿಗೆ ಕೆಲಸ ದೊಡ್ಡದಾಗಿಯೇ ನಡೆದಿದೆ. ದನಿಯ ಸಮಗ್ರ ಸಂಪುಟ ಆಗಬೇಕಿದೆ. ಮುದ್ರಿತ ಪುಟದಲ್ಲಿ ರಾಗವಿಲ್ಲ, ಎಲ್ಲಿ ಸೊಲ್ಲು ಎತ್ತಬೇಕು, ಎಲ್ಲಿ ಹೆಜ್ಜೆ ತಿರುಗಬೇಕು ಎಂಬುದಿಲ್ಲ. ಅದು ಗೊತ್ತಿರುವವರಲ್ಲಿ ಹಲವರಿಗೆ ಈಗ ಎಪ್ಪತ್ತು ದಾಟಿದೆ. ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆಗೆ ಈ ಸಲ ಮೊಹರಂ ಬಂದಾಗ, ಕತ್ತಲ ರಾತ್ರಿಯ ಹೊತ್ತಿಗೆ ಮೊಬೈಲಿನಲ್ಲಿ ಚಾರ್ಜು ತುಂಬಿಸಿಕೊಂಡು ಹೋಗಿ ನಿಂತರೂ ಸಾಕು. ಹಾಡುವವರ ಹೆಸರು, ಊರು, ದಿನಾಂಕ ಬರೆದುಕೊಳ್ಳುವುದನ್ನು ಮಾತ್ರ ಮರೆಯಬೇಡಿ.